ಮೊದಲ ಯಾರ ಕೈ ಹಚ್ಚ್ಯಾರ್ರಿ?

ಕೆಟ್ಟ ಯಂತ್ರವನ್ನು ರಿಪೇರಿ ಮಾಡಲು ಬಂದ ಯಾವ ಮೆಕ್ಯಾನಿಕ್ಕೂ ನೇರವಾಗಿ ಕೆಲಸಕ್ಕೆ ಇಳಿಯುವುದಿಲ್ಲ. ಯಂತ್ರದ ಬೆನ್ನಿನ ತಗಡು ಬಿಚ್ಚಿ, ಒಳಗೆ ಟಾರ್ಚು ಬಿಟ್ಟು, ನಾಲಿಗೆಯಿಂದ ಲೊಚ್ಚೆಂದು ಒಂದು ಸದ್ದು ಮಾಡಿ, "ಇದಕ್ಕ ಮೊದಲ ಯಾರ ಕೈ ಹಚ್ಚ್ಯಾರ್ರಿ?" ಎಂದು ಕೇಳುತ್ತಾನೆ. ನೀವು ಯಾರ ಹೆಸರು ಹೇಳಿದರೂ ಸರಿಯೇ, ಅವನು ತಲೆ ಅಲ್ಲಾಡಿಸುತ್ತಾನೆ. ಸೇಡಂನಲ್ಲಿ ಹೇಗೋ ಚಿತ್ತಾಪುರದಲ್ಲಿಯೂ ಹಾಗೆಯೇ, ವಾಡಿಯಲ್ಲಿಯೂ ಹಾಗೆಯೇ. ಮೆಕ್ಯಾನಿಕ್ಕುಗಳನ್ನೇ ಏಕೆ ಅನ್ನಬೇಕು? ಹೈಸ್ಕೂಲು ಮಾಸ್ತರನಾದ ನಾನು ಎಂಟನೆಯ ತರಗತಿಗೆ ಬಂದ ಮಕ್ಕಳ ಕಾಗುಣಿತ ನೋಡಿದ ಕೂಡಲೇ ಪ್ರಾಥಮಿಕ ಶಾಲೆಯವರಿಗೆ ಹಿಡಿಶಾಪ ಹಾಕುತ್ತೇನೆ. ನಾನು ಪಾಸು ಮಾಡಿ ಕಳಿಸಿದ ಮಕ್ಕಳನ್ನು ನೋಡಿ ಕಾಲೇಜಿನವರು ನನಗೆ ಹಾಕುತ್ತಾರೆ. ಹಲ್ಲಿನ ಡಾಕ್ಟರು ಬಾಯಿ ತೆರೆಸಿ ಹಿಂದಿನ ಡಾಕ್ಟರನ್ನು ಬಯ್ಯುತ್ತಾನೆ, ಬಾಯಿ ತೆರೆದೇ ಇರುವುದರಿಂದ ನಮಗೆ ಹೌದು ಅನ್ನಲಿಕ್ಕೂ ಆಗುವುದಿಲ್ಲ. ಇದು ಲೋಕದ ರೂಢಿ. ಐವತ್ಮೂರು ವರ್ಷದ, ಓದಿಕೊಂಡ ಮನುಷ್ಯನಿಗೆ ಇಷ್ಟು ಅರ್ಥವಾಗಬೇಕಾಗಿತ್ತು. ನನಗೆ ಆಗಲಿಲ್ಲ. ಅದರಿಂದ ಒಬ್ಬ ಮನುಷ್ಯನ ಅಂಗಡಿ ಮುಚ್ಚಿತು. ಇದನ್ನು ಹಾಸ್ಯವಾಗಿ ಹೇಳಬೇಕೆಂದು ಕೂತಿದ್ದೇನೆ. ಎಷ್ಟು ದೂರ ನಡೆಯುತ್ತದೋ ನೋಡೋಣ.

ನಾನು ಆಡಕಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಸೇಡಂನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಪಾಠ ಮಾಡುವುದು ಹೊಟ್ಟೆಪಾಡು, ಬರೆಯುವುದು ನನ್ನ ಖರೇ ಕಸುಬು ಎಂದು ಇಪ್ಪತ್ತೆಂಟು ವರ್ಷಗಳಿಂದ ನಂಬಿದ್ದೇನೆ. ಹಾಗೆ ನಂಬಿದವನು ನಾನೊಬ್ಬನೇ. ಪತ್ರಿಕೆಗಳಿಗೆ ಕಳಿಸಿದ ನನ್ನ ಪ್ರಬಂಧಗಳು ಮೊದಮೊದಲು ಅಂಚೆಯಲ್ಲಿ ಮರಳಿ ಬರುತ್ತಿದ್ದವು. ಇ-ಮೇಲ್ ಬಂದ ಮೇಲೆ ಮರಳಿ ಬರುವ ಸೌಜನ್ಯವನ್ನೂ ಬಿಟ್ಟಿವೆ. ಅವುಗಳ ಪ್ರತಿಗಳೆಲ್ಲ ಒಂದು ಕಬ್ಬಿಣದ ಅಲಮಾರಿಯಲ್ಲಿವೆ. ಹೆಂಡತಿ ಮಹಾನಂದಾ ಅಂಗನವಾಡಿ ಕಾರ್ಯಕರ್ತೆ. ದಿನವಿಡೀ ಮೂವತ್ತು ಮಕ್ಕಳ ಗದ್ದಲ ಕೇಳಿ ಬಂದವಳಿಗೆ ನಾನು ಬರೆದದ್ದನ್ನು ಓದಿ ಹೇಳುತ್ತೇನೆ. ಆಕೆ ಪುಂಡಿಪಲ್ಯ ಸೋಸುತ್ತ ಕೇಳಿ, ಕೊನೆಗೆ "ಛಲೋ ಅದ" ಅನ್ನುತ್ತಾಳೆ. ಪಕ್ಕದ ಮನೆಯವರು ಕೊಟ್ಟ ಉಪ್ಪಿನಕಾಯಿಗೂ ಅದೇ ದನಿಯಲ್ಲಿ ಅದೇ ಮಾತು ಹೇಳುತ್ತಾಳೆ.

ನಮ್ಮ ಫ್ರಿಜ್ ಕೆಟ್ಟದ್ದು ಮಾರ್ಚ್ ಮೊದಲ ವಾರದಲ್ಲಿ, ಅಂಗಳದ ಫರಸಿ ಕಲ್ಲಿನ ಮೇಲೆ ಬರಿಗಾಲಿಡಲು ಆಗದ ಕಾಲದಲ್ಲಿ. ಗುಂಯ್ ಅಂತ ಸದ್ದು ಬರುತ್ತಿತ್ತು, ತಂಪು ಮಾತ್ರ ಇರಲಿಲ್ಲ. ಹಾಲು, ಮೊಸರು ಹೋದರೆ ಹೋಗಲಿ, ನಮ್ಮ ಅತ್ತೆಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿ, ತಂಪಿನಲ್ಲೇ ಇಡಬೇಕಾದ ಔಷಧಿಯ ಹನಿಗಳಿದ್ದವು. ಮಹಾನಂದಾ ಆ ಬಾಟಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೀರಿನ ಗಡಿಗೆಗೆ ಆನಿಸಿಟ್ಟು, ನನ್ನ ಮುಖ ನೋಡಿದಳು. ನಾನು ಹೋಗಿ ಭೀಮಣ್ಣನನ್ನು ಕರೆತಂದೆ.

ಭೀಮಣ್ಣ ಆಡಕಿಯವನೇ. ಸೇಡಂ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವನ ಅಂಗಡಿ ಇತ್ತು. ಒಳಗೆ ಗೋಡೆಗೆ ಬುದ್ಧನ ಕ್ಯಾಲೆಂಡರು, ಹೊರಗೆ ದವಾಖಾನೆಯ ಮುಂದೆ ಪಾಳಿ ಹಚ್ಚಿದ ಪೇಶಂಟುಗಳ ಹಾಗೆ ನಾಲ್ಕಾರು ಫ್ರಿಜ್ಜುಗಳು. ಪ್ರಾಯದಲ್ಲಿ ಹೈದರಾಬಾದಿಗೆ ಹೋಗಿ ಕೆಲಸ ಕಲಿತು ಬಂದವನು. ಮಾತು ಬಹಳ ಕಡಿಮೆ. ಫ್ರಿಜ್ಜಿನ ಮಗ್ಗುಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಹಾಗೆಯೇ ಎರಡು ನಿಮಿಷ ನಿಲ್ಲುತ್ತಿದ್ದ. ನಮ್ಮ ಮನೆಯಲ್ಲಿ ಎರಡು ತಾಸು ಕೂತು, ಹಿಂದಿನ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತು ಹುಡುಕಿ, ಬೆಂಕಿ ಹಿಡಿದು ಅದನ್ನು ಮುಚ್ಚಿ, ಗ್ಯಾಸು ತುಂಬಿದ. ಸಂಜೆಗೆ ಬರ್ಫ ಕಟ್ಟಿತು. ಹೋಗುವಾಗ ಬಾಗಿಲಲ್ಲಿ ನಿಂತು, "ಸರ, ಇದಕ್ಕ ಉಸಿರಾಡಾಕ ಜಾಗಾ ಇಲ್ಲ. ಗ್ವಾಡಿಯಿಂದ ಒಂದು ಗೇಣು ಮುಂದ ತರ್ರಿ. ಕರೆಂಟು ಭಾಳ ಏರಿಳಿತ ಅದ, ಒಂದು ಸ್ಟೆಬಿಲೈಜರ್ ಹಾಕ್ರಿ. ಇಲ್ಲಂದ್ರ ಕಂಪ್ರೆಸರ್ ಸುಡ್ತದ" ಎಂದ. ಕಂಪ್ರೆಸರ್ ಎಂದರೆ ಫ್ರಿಜ್ಜಿನ ಬೆನ್ನ ಕೆಳಗೆ ಕರಿ ಗಡಿಗೆಯ ಹಾಗೆ ಕೂತಿರುತ್ತದಲ್ಲ, ಅದು. ಫ್ರಿಜ್ಜಿಗೆ ಅದೇ ಗುಂಡಿಗೆ. ನಾನು "ಆಯ್ತು ಭೀಮಣ್ಣ" ಎಂದೆ. ಆದರೆ ಫ್ರಿಜ್ಜನ್ನು ಒಂದು ಗೇಣು ಮುಂದೆ ತರಬೇಕಾದರೆ ಅದಕ್ಕೆ ಒತ್ತಿಕೊಂಡಿದ್ದ ನನ್ನ ಅಲಮಾರಿ ಹಿತ್ತಲ ಕೋಣೆಗೆ ಹೋಗಬೇಕಾಗುತ್ತಿತ್ತು. ಇಪ್ಪತ್ತೆಂಟು ವರ್ಷದ ಸಾಹಿತ್ಯವನ್ನು ಹಳೆ ಕೊಡ, ಜೋಳದ ಚೀಲಗಳ ನಡುವೆ ಇಡಲು ನನಗೆ ಮನಸ್ಸು ಬರಲಿಲ್ಲ. ಸ್ಟೆಬಿಲೈಜರನ್ನು ಮುಂದಿನ ತಿಂಗಳು ತಂದರಾಯಿತು ಅಂದುಕೊಂಡೆ.

ಇಪ್ಪತ್ತು ದಿನಕ್ಕೆ ಕಂಪ್ರೆಸರ್ ಸುಟ್ಟಿತು. ಭೀಮಣ್ಣ ಹೇಳಿದ್ದು ಅಕ್ಷರಶಃ ನಡೆದಿತ್ತು. ಆದರೆ ಮನುಷ್ಯನ ತಲೆ ವಿಚಿತ್ರ. 'ಅವನು ಹೇಳಿದ್ದ, ನಾನು ಕೇಳಲಿಲ್ಲ' ಎಂಬುದು ನನಗೆ ಹೊಳೆಯಲಿಲ್ಲ. 'ಅವನು ಕೈ ಹಚ್ಚಿದ ಮೇಲೆ ಸುಟ್ಟಿತು' ಎಂಬುದು ಮಾತ್ರ ಥಟ್ಟನೆ ಹೊಳೆಯಿತು. ಫೋನು ಹಚ್ಚಿದೆ, ಹತ್ತಲಿಲ್ಲ. ದಿನಕ್ಕೆ ನಾಲ್ಕು ಸಲದಂತೆ ಎರಡು ದಿನ ಹಚ್ಚಿದೆ. ಅಂಗಡಿಗೆ ಬೀಗ. ಪಕ್ಕದವರು, ಅವನು ಚಿಂಚೋಳಿ ಕಡೆ ಒಂದು ವಸತಿ ಶಾಲೆಯ ಕೆಲಸಕ್ಕೆ ಹೋಗಿದ್ದಾನೆ, ಅದು ಕುಂಚಾವರಂ ಹತ್ತಿರದ ಕಾಡಿನ ನಡುವೆ ಇದೆ, ಅಲ್ಲಿ ಫೋನು ಹತ್ತುವುದಿಲ್ಲ ಎಂದರು. ನಾನು ಅದನ್ನು ಅರ್ಧ ನಂಬಿದೆ. ಸಿಟ್ಟು ಬಂದವನಿಗೆ ಕಾಡು, ನೆಟ್‌ವರ್ಕು ಎಲ್ಲ ನೆಪಗಳೇ. ಕೊನೆಗೆ ವೆಂಕಟೇಶನನ್ನು ಕರೆದೆ.

ವೆಂಕಟೇಶ ಕುಂಚಾವರಂ ಕಡೆಯವನು, ಸೇಡಂನಲ್ಲಿ ನೆಲೆ ನಿಂತವನು. ವಾಷಿಂಗ್ ಮಷೀನು, ಎಸಿ, ಫ್ರಿಜ್ಜು ಎಲ್ಲ ಮಾಡುತ್ತಾನೆ. ಕನ್ನಡವನ್ನು ತೆಲುಗಿನ ರಾಗದಲ್ಲಿ ಹಾಡಿದ ಹಾಗೆ ಮಾತಾಡುತ್ತಾನೆ, ಸ್ಕ್ರೂ ಬಾಯಿಯಲ್ಲಿದ್ದರೂ ಮಾತು ನಿಲ್ಲುವುದಿಲ್ಲ. ಬಂದವನೇ ಬೆನ್ನು ಬಿಚ್ಚಿ, ಟಾರ್ಚು ಬಿಟ್ಟು, ಪದ್ಧತಿಯ ಪ್ರಕಾರ ಕೇಳಿದ. ನಾನು ಭೀಮಣ್ಣನ ಹೆಸರು ಹೇಳಿದೆ. ಅವನು ಒಳಗೆ ಇಣುಕುತ್ತ, ಮುಖದ ಮೇಲೆ ಒಂದು ಗೆರೆಯೂ ಅಲುಗಿಸದೆ, "ಭೀಮಣ್ಣ ಕೈ ಹಚ್ಚ್ಯಾನಂದ್ರ ಮುಗೀತು ಬಿಡ್ರಿ. ನಿಮ್ಮ ಅಸಲಿ ಕಂಪ್ರೆಸರ್ ಆತನ ಮನ್ಯಾಗ ಮಜ್ಜಿಗಿ ತಂಪ ಮಾಡಾಕತ್ತಿರಬೇಕು. ನಿಮಗ ಯಾವುದೋ ಗುಜರಿದು ಕುಂದ್ರಿಸ್ಯಾನ" ಎಂದ. ನಾನು ಬಗ್ಗಿ ನೋಡಿದೆ. ಕಂಪ್ರೆಸರಿನ ಕರಿ ಬಣ್ಣ ಒಂದು ಕಡೆ ಕಿತ್ತು ಹೋಗಿತ್ತು, ಮೇಲಿನ ಚೀಟಿ ಅರ್ಧ ಸುಟ್ಟಿತ್ತು. ಭೀಮಣ್ಣ ಕೊಳವೆಗೆ ಬೆಂಕಿ ಹಿಡಿದಾಗ ಪಕ್ಕದಲ್ಲೇ ಕೂತು ಅದು ಸುಡುವುದನ್ನು ಈ ಕಣ್ಣುಗಳಿಂದಲೇ ನೋಡಿದ್ದೆ. ಈಗ ಅದೇ ಕಣ್ಣುಗಳಿಗೆ ಅದು ಕಳ್ಳತನದ ಗುರುತಾಗಿ ಕಂಡಿತು. ವೆಂಕಟೇಶ ಹೊಸ ಕಂಪ್ರೆಸರನ್ನು ಕಲಬುರಗಿಯಿಂದ ತರಿಸಬೇಕು, ಒಂದು ವಾರ ಆಗುತ್ತದೆ ಎಂದು ಹೇಳಿ, ಚಹಾ ಕುಡಿದು, ಇನ್ಯಾವುದೋ ಮಾತಾಡುತ್ತ ಹೋದ. ಅವನು ಆ ಮಾತನ್ನು ಗೇಟು ದಾಟುವ ಮೊದಲೇ ಮರೆತಿದ್ದ. ನಾನು ಬರೆಯಲು ಕೂತೆ.

ನಮ್ಮ ಬಡಾವಣೆಗೆ ಒಂದು ವಾಟ್ಸ್ಯಾಪ್ ಗುಂಪಿದೆ. ನೀರು ಯಾವಾಗ ಬರುತ್ತದೆ, ಯಾರ ಮನೆಯ ಎಮ್ಮೆ ಯಾರ ಗಿಡ ಮೇಯಿತು ಎಂಬಂಥ ವಿಷಯಗಳಿಗೆ ಇರುವಂಥದ್ದು. ಅದರಲ್ಲಿ ನಾನು ಭೀಮಣ್ಣನ ಹೆಸರು, ಅಂಗಡಿಯ ಗುರುತು ಹಾಕಿ ಒಂದು ಪುಟ ಬರೆದೆ. ನಾಚಿಕೆಬಿಟ್ಟು ಹೇಳುತ್ತೇನೆ, ಬಹಳ ಚೆನ್ನಾಗಿ ಬರೆದೆ. 'ಈಗಿನ ಕಳ್ಳರು ಗೋಡೆ ಹಾರುವುದಿಲ್ಲ. ನಾವೇ ಬಾಗಿಲು ತೆರೆದು, ಕುರ್ಚಿ ಹಾಕಿ, ಚಹಾ ಕೊಟ್ಟು, ಮನೆಯ ಗುಂಡಿಗೆಯನ್ನು ಅವರ ಕೈಗೆ ಇಡುತ್ತೇವೆ' ಎಂದು ಶುರು ಮಾಡಿದ್ದೆ. 'ಅವನ ಮನೆಯ ಮಜ್ಜಿಗೆ ತಂಪಾಗಿದೆ, ನಮ್ಮ ಮನೆಯ ಮುದುಕಿಯ ಕಣ್ಣೌಷಧಿ ಬೆಚ್ಚಗಾಗಿದೆ' ಎಂದು ಮುಗಿಸಿದ್ದೆ. ಎರಡು ಸಲ ತಿದ್ದಿದೆ. ಒಂದು ಕಡೆ 'ಬಹುಶಃ' ಎಂಬ ಶಬ್ದವಿತ್ತು, ಅದು ವಾಕ್ಯದ ಓಟಕ್ಕೆ ಅಡ್ಡ ಬರುತ್ತಿತ್ತು, ತೆಗೆದುಹಾಕಿದೆ. ಮಹಾನಂದಾಗೆ ಓದಿ ಹೇಳಿದೆ. ಆಕೆ ಮೊದಲ ಸಲ 'ಛಲೋ ಅದ' ಅನ್ನಲಿಲ್ಲ. ಪಲ್ಯದ ಬುಟ್ಟಿಯಿಂದ ಕೈ ತೆಗೆದು, ಆ ಭೀಮಣ್ಣ ಚಿಂಚೋಳಿಯಿಂದ ಬರುವ ತನಕ ತಡೆಯಲಿಕ್ಕೆ ಏನು ಕಷ್ಟ ಎಂದಳು. ಸಾಹಿತ್ಯದ ಬಿಸಿ ಆರಬಾರದು ಎಂಬ ಅರ್ಥದ ಏನೋ ಒಂದು ಮಾತು ಹೇಳಿದೆ. ಕಳಿಸಿಬಿಟ್ಟೆ.

ಆಮೇಲೆ ಆದದ್ದನ್ನು ಯಾವ ಸಂಪಾದಕನೂ ನನಗೆ ಮಾಡಿಕೊಟ್ಟಿರಲಿಲ್ಲ. ಮರುದಿನ ಚಿತ್ತಾಪುರದಲ್ಲಿರುವ ನನ್ನ ದೊಡ್ಡಪ್ಪನ ಮಗ ಅದೇ ಬರಹವನ್ನು ನನಗೇ ಕಳಿಸಿ, ಓದಿ ನೋಡು, ಭಾಳ ಛಂದ ಬರೆದಿದ್ದಾರೆ ಎಂದ. ವಾಡಿಯ ರೇಲ್ವೆ ಕ್ವಾರ್ಟರ್ಸಿನಿಂದ ಹಳೆಯ ಗೆಳೆಯನೊಬ್ಬ ಕಳಿಸಿದ. ಶಹಾಬಾದಿನ ಹೆಡ್‌ಮಾಸ್ತರರೊಬ್ಬರು ತಮ್ಮ ಶಿಕ್ಷಕರ ಗುಂಪಿನಲ್ಲಿ ಹಾಕಿ, ಭಾಷೆ ಎಂದರೆ ಹೀಗಿರಬೇಕು ಎಂದಿದ್ದರಂತೆ. ದಾರಿಯಲ್ಲಿ ಎಲ್ಲೋ ನನ್ನ ಹೆಸರು ಉದುರಿಹೋಗಿತ್ತು, ಭೀಮಣ್ಣನದು ಉಳಿದಿತ್ತು. ಆಡಕಿಯ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನ ಒಬ್ಬ ಅದನ್ನು ಪಕ್ಕದವನಿಗೆ ದೊಡ್ಡ ದನಿಯಲ್ಲಿ ಓದಿ ಹೇಳುತ್ತಿದ್ದ. ಮಜ್ಜಿಗೆಯ ಸಾಲಿಗೆ ಇಬ್ಬರೂ ನಕ್ಕರು. ನಾನು ಕಿಟಕಿಯ ಹೊರಗೆ ನೋಡುತ್ತ, ತೊಗರಿ ಕೊಯ್ದು ಖಾಲಿಯಾದ ಹೊಲಗಳನ್ನು ನೋಡುತ್ತ, ಆ ನಗು ಇನ್ನೊಂದು ಸಲ ಬರಲಿ ಎಂದು ಕಾಯುತ್ತಿದ್ದೆ. ನನ್ನ ಜೀವನದ ಅತ್ಯಂತ ಸುಖದ ಬಸ್ ಪ್ರಯಾಣ ಅದು. ಜನ ತಮ್ಮ ತಮ್ಮದನ್ನೂ ಸೇರಿಸುತ್ತಿದ್ದರು. ಒಬ್ಬನ ಮಿಕ್ಸರಿನ ಮೋಟಾರು ಹೋಗಿತ್ತು, ಒಬ್ಬನ ಫ್ಯಾನಿನ ತಾಮ್ರದ ತಂತಿ ಹೋಗಿತ್ತು. ಸುದ್ದಿ ಸುಲೇಪೇಟ ತಲುಪುವಷ್ಟರಲ್ಲಿ ಭೀಮಣ್ಣ ಎರಡು ಇಡೀ ಫ್ರಿಜ್ಜುಗಳನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಹೋಗಿದ್ದನಂತೆ.

ನಾಲ್ಕೈದು ಊರಿನಲ್ಲಿ ಈ ವಿಷಯ ಗೊತ್ತಿಲ್ಲದವನು ಒಬ್ಬನೇ, ಅದು ಭೀಮಣ್ಣ. ಅವನು ಖರೇನೇ ಕಾಡಿನ ನಡುವಿನ ವಸತಿ ಶಾಲೆಯಲ್ಲಿ, ಮಕ್ಕಳ ಕುಡಿಯುವ ನೀರಿನ ಕೂಲರ್ ಬಿಚ್ಚಿಕೊಂಡು ಕೂತಿದ್ದ. ಅಲ್ಲಿನ ವಾರ್ಡನ್ ಸಾಹೇಬರು ಚಿಂಚೋಳಿಗೆ ಬಂದಾಗ ನನ್ನ ಸಾಹಿತ್ಯ ಓದಿ, ಮರಳಿ ಹೋಗಿ, ಉಳಿದ ಕೆಲಸ ಬೇಡ ಎಂದರು. ಏಕೆ ಎಂದು ಹೇಳಲಿಲ್ಲ, ಚೀಲ ಬಿಚ್ಚಿ ತೋರಿಸು ಎಂದರು. ಅವನು ಚೀಲ ಬಿಚ್ಚಿ ತೋರಿಸಿದ. ಒಳಗೆ ಪಾನಾ, ಇಕ್ಕಳ, ಮಗಳು ಕಟ್ಟಿ ಕೊಟ್ಟಿದ್ದ ಸಜ್ಜಿ ರೊಟ್ಟಿ ಇದ್ದವು. ಸುಲೇಪೇಟದಲ್ಲಿ ಬಸ್ಸು ಬದಲಿಸುವಾಗ ಚಹಾದಂಗಡಿಯವನು, ನೀನು ಆ ಮಜ್ಜಿಗೆ ಭೀಮಣ್ಣನೇನು ಎಂದು ಕೇಳಿ ಮೊಬೈಲು ತೋರಿಸಿದನಂತೆ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ವೆಂಕಟೇಶ ಬಂದು ಹೇಳಿದ ಮೇಲೆ ಗೊತ್ತಾಯಿತು.

ಅವನು ಎಂಟು ದಿನದ ಮೇಲೆ ಹೊಸ ಕಂಪ್ರೆಸರ್ ಹೆಗಲ ಮೇಲೆ ಹೊತ್ತುಕೊಂಡು ಬಂದ. ಚಹಾ ಬೇಡ ಅಂದ. ಫ್ರಿಜ್ಜು ಕೊಂಡಾಗಿನ ಗ್ಯಾರಂಟಿ ಕಾರ್ಡು ಇದ್ದರೆ ಕೊಡಿ ಎಂದ. ಅಲಮಾರಿಯ ಕೆಳಗಿನ ಖಾನೆಯಲ್ಲಿ, ನನ್ನ ಹಸ್ತಪ್ರತಿಗಳ ಅಡಿಯಲ್ಲಿ ಅದು ಸಿಕ್ಕಿತು. ವೆಂಕಟೇಶ ಸುಟ್ಟ ಕಂಪ್ರೆಸರನ್ನು ಬಿಚ್ಚಿ ಹೊರಗೆ ತಂದು, ಬನಿಯನ್ನಿನ ಚಿಂದಿಯಿಂದ ಒರೆಸಿ, ಅದರ ಮೇಲೆ ಕೊರೆದಿದ್ದ ನಂಬರನ್ನೂ ಕಾರ್ಡಿನಲ್ಲಿದ್ದ ನಂಬರನ್ನೂ ನನಗೆ ಒಂದೊಂದೇ ಅಂಕಿ ಓದಿ ಹೇಳಲು ಹಚ್ಚಿದ. ಹನ್ನೊಂದು ಅಂಕಿಗಳು. ಹನ್ನೊಂದೂ ಒಂದೇ. ಅಂದರೆ ಕಂಪನಿಯಿಂದ ಬಂದಾಗ ಇದ್ದ ಕಂಪ್ರೆಸರೇ ಸುಟ್ಟ ದಿನದವರೆಗೂ ನಮ್ಮ ಮನೆಯಲ್ಲಿತ್ತು. ಯಾರೂ ಏನೂ ಬದಲಿಸಿರಲಿಲ್ಲ.

"ಸರ, ನಾ ಅಂದದ್ದು ಮಜಾಕ್ ಇತ್ರಿ" ಎಂದ ವೆಂಕಟೇಶ. "ಇಪ್ಪತ್ತು ವರ್ಷ ಆತು, ಆತ ನಂಗ ಅಂತಾನ, ನಾ ಆತಗ ಅಂತೀನಿ. ನಾ ಕೈ ಹಚ್ಚಿದ ವಾಷಿಂಗ್ ಮಷೀನ್ ನೋಡಿದ್ರ, ಇದು ಅರಿವಿ ಒಗಿಯೂದಿಲ್ಲ, ಹರೀತದ ಅಂತಾನ. ಅದನ್ನ ಕೇಳಿ ಯಾರೂ ಬರದಿಲ್ರಿ ಇಲ್ಲೀತನ."

ನೀನು ನಗಲಿಲ್ಲವಲ್ಲ, ನನಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದೆ. ಕೇಳಿದ ಮೇಲೆ ನನಗೇ ಅಸಹ್ಯವಾಯಿತು. ಅವನು ಅಲಮಾರಿಯನ್ನು ತಾನೇ ಹಿತ್ತಲ ಕೋಣೆಗೆ ನೂಕಿ, ಫ್ರಿಜ್ಜನ್ನು ಒಂದು ಗೇಣು ಮುಂದೆ ತಂದು, ಹೊಸ ಕಂಪ್ರೆಸರ್ ಕೂರಿಸಿದ. ವೆಂಕಟೇಶ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ್ದನ್ನು ಅದೇ ಮೊದಲು ನೋಡಿದೆ. ಮುಗಿದ ಮೇಲೆ ವಾರ್ಡನ್ನು, ಚೀಲ, ಸುಲೇಪೇಟದ ಚಹಾದಂಗಡಿ ಎಲ್ಲ ನಿಧಾನವಾಗಿ ಹೇಳಿದ. ತಾನು ಭೀಮಣ್ಣನ ಮನೆಗೆ ಹೋಗಿದ್ದೆ, ಅವನು ತನ್ನ ಜೊತೆ ಮಾತಾಡಲಿಲ್ಲ, ಇದನ್ನೆಲ್ಲ ಅವನ ಮನೆಯವರು ಹೇಳಿದರು ಎಂದ. ಮಾತು ತನ್ನದು, ಬರಹ ನನ್ನದು, ನಡುವೆ ಭೀಮಣ್ಣನ ತಪ್ಪೇನಿತ್ತು ಎಂದು ಕೇಳಿದ. ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡ ಮಹಾನಂದಾ ಎರಡು ದಿನ ನನ್ನ ಜೊತೆ ಅಡುಗೆಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಫ್ರಿಜ್ಜು ಮಾತ್ರ ಅಂದಿನಿಂದ ಒಂದು ದಿನವೂ ಕೆಟ್ಟಿಲ್ಲ. ಅದೊಂದು ದುಃಖ.

ಅವತ್ತೇ ಗುಂಪಿನಲ್ಲಿ ಕ್ಷಮೆ ಕೇಳಿ ಬರೆದೆ. ಭೀಮಣ್ಣ ನಿರಪರಾಧಿ, ತಪ್ಪು ಸಂಪೂರ್ಣ ನನ್ನದು, ನಂಬರುಗಳು ಹೊಂದಿವೆ ಎಂದು ನಾಲ್ಕು ಸಾಲು. ಅದರಲ್ಲಿ ಉಪಮೆ ಇರಲಿಲ್ಲ, ಮಜ್ಜಿಗೆ ಇರಲಿಲ್ಲ. ಇಬ್ಬರು ಹೆಬ್ಬೆರಳು ತೋರಿಸಿದರು. ಒಬ್ಬರು ಯಾವ ಫ್ರಿಜ್ಜು ಎಂದು ಕೇಳಿದರು. ಇನ್ನೊಬ್ಬರು ಖಾಸಗಿಯಾಗಿ, ಅವರ ಕಡೆಯವರು ಬಂದು ಹೆದರಿಸಿದರೇನು ಸರ, ನಾವಿದ್ದೇವೆ ಎಂದು ಧೈರ್ಯ ಹೇಳಿದರು. ಆಮೇಲೆ ನೀರು ಬಿಟ್ಟ ಸುದ್ದಿ ಬಂತು, ನನ್ನ ಕ್ಷಮೆ ಅದರ ಮೇಲೆ ಹೋಗಿ ಕಾಣದಾಯಿತು. ನಾನೇ ಅದನ್ನು ಚಿತ್ತಾಪುರಕ್ಕೆ, ವಾಡಿಗೆ, ಶಹಾಬಾದಿನ ಹೆಡ್‌ಮಾಸ್ತರರಿಗೆ ಕಳಿಸಿ, ಮುಂದೆ ದಾಟಿಸಿ ಎಂದು ಕೈಮುಗಿದು ಕೇಳಿಕೊಂಡೆ. ಹೆಡ್‌ಮಾಸ್ತರರು ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಚಿತ್ತಾಪುರದ ದೊಡ್ಡಪ್ಪನ ಮಗ, ಮೊದಲಿನದು ನೀನೇ ಬರೆದದ್ದೆಂದು ಗೊತ್ತಿರಲಿಲ್ಲ, ಅದು ಭಾಳ ಛಲೋ ಇತ್ತು, ಇದರಲ್ಲಿ ಮಜಾ ಇಲ್ಲ ಎಂದ. ಇಪ್ಪತ್ತೆಂಟು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಪ್ರಾಮಾಣಿಕ ವಿಮರ್ಶೆ ಅದು.

ಭೀಮಣ್ಣನನ್ನು ಹುಡುಕಿಕೊಂಡು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಗೆ ಹೋದೆ. ಅಂಗಡಿಯ ಶಟರು ಇಳಿದಿತ್ತು, ಪಾಳಿ ಹಚ್ಚಿದ ಫ್ರಿಜ್ಜುಗಳನ್ನು ಅವುಗಳ ಧಣಿಗಳು ಎತ್ತಿಕೊಂಡು ಹೋಗಿದ್ದರು. ಎದುರಿಗೆ ಒಂದು ಚಹಾದ ಹೋಟೆಲಿದೆ. ಊರಿನ ರಿಪೇರಿಯವರೆಲ್ಲ ಮಧ್ಯಾಹ್ನ ಅಲ್ಲಿ ಕೂಡುತ್ತಾರೆ. ಬಾಗಿಲ ಹೊರಗಿನಿಂದಲೇ ಅವರ ಗದ್ದಲ ಕೇಳುತ್ತಿತ್ತು. ಒಬ್ಬ ಇನ್ನೊಬ್ಬನಿಗೆ, ನೀನು ಮಾಡಿದ ಗೀಜರಿನಲ್ಲಿ ಸ್ನಾನ ಮಾಡುವ ಮೊದಲು ಮನೆಯವರಿಗೆಲ್ಲ ಹೇಳಿ ಹೋಗಬೇಕಂತೆ ಎನ್ನುತ್ತಿದ್ದ. ಆ ಇನ್ನೊಬ್ಬ, ನೀನು ಮಾಡಿದ ಫ್ಯಾನಿನ ಕೆಳಗೆ ಮಲಗಿದವರು ತಾವೇ ಬೀಸಣಿಕೆ ಹಿಡಿದು ಫ್ಯಾನಿಗೆ ಗಾಳಿ ಹಾಕುತ್ತಾರಂತೆ ಎನ್ನುತ್ತಿದ್ದ. ಹೇಳಿದವನಿಗಿಂತ ಹೇಳಿಸಿಕೊಂಡವನೇ ಹೆಚ್ಚು ನಗುತ್ತಿದ್ದ. ನಗುತ್ತಲೇ ಒಬ್ಬ ತನ್ನ ಚೀಲದಿಂದ ಯಾವುದೋ ಸಣ್ಣ ಸಾಮಾನು ತೆಗೆದು ಇನ್ನೊಬ್ಬನ ಕೈಗೆ ಹಾಕಿದ, ಅವನು ಅದನ್ನು ಜೇಬಿಗಿಟ್ಟುಕೊಂಡ. ವೆಂಕಟೇಶ ಮೂಲೆಯಲ್ಲಿ ಗಪ್ಪ ಕೂತಿದ್ದ. ನಾನು ಒಳಗೆ ಕಾಲಿಟ್ಟೆ. ಗದ್ದಲ ನಿಂತಿತು. "ಬರ್ರಿ ಸರ, ಕುಂದ್ರಿ" ಎಂದರು. ಇಬ್ಬರು ಎದ್ದು ಜಾಗ ಬಿಟ್ಟರು. ಬಿಸಿಲು ಭಾಳ ಎಂದರು, ಹೌದು ಎಂದೆ. ಗೀಜರಿನವನು ಫ್ಯಾನಿನವನನ್ನು ತೋರಿಸಿ, ಈತ ಬಹಳ ಒಳ್ಳೆಯ ಕೆಲಸಗಾರ ಎಂದು ನನಗೆ ತಿಳಿಸಿದ. ನನ್ನ ಚಹಾ ಮುಗಿಯುವ ತನಕ ಯಾರೂ ಯಾರನ್ನೂ ಬಯ್ಯಲಿಲ್ಲ. ಹೊರಡುವಾಗ ವೆಂಕಟೇಶ ಹಿಂದೆ ಬಂದು, ಭೀಮಣ್ಣ ಶಹಾಬಾದಿನಲ್ಲಿ ಇಸ್ಮಾಯಿಲನ ಅಂಗಡಿಯಲ್ಲಿ ಸಿಗುತ್ತಾನೆ ಎಂದಷ್ಟೇ ಹೇಳಿ ಒಳಗೆ ಹೋದ.

ಭಾನುವಾರ ರೈಲು ಹಿಡಿದು ಶಹಾಬಾದಿಗೆ ಹೋದೆ. ಇಸ್ಮಾಯಿಲನದು ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಅಂಗಡಿ. ಮುಂದೆ ಗಿರಾಕಿಗಳೊಂದಿಗೆ ಮಾತಾಡುವವನು ಇಸ್ಮಾಯಿಲ್. ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಗಿರಾಕಿಗಳಿಗೆ ಕಾಣದ ಹಾಗೆ ಭೀಮಣ್ಣ ತಂತಿ ಸುತ್ತುತ್ತಿದ್ದ. ಫ್ರಿಜ್ಜಿನ ಮಗ್ಗುಲಿಗೆ ಕಿವಿ ಹಚ್ಚಿ ಅದರ ರೋಗ ಹಿಡಿಯುತ್ತಿದ್ದ ಮನುಷ್ಯ. ನನ್ನನ್ನು ನೋಡಿ ಎದ್ದು ನಿಂತ, ಸ್ಟೂಲು ಒರೆಸಿ ಮುಂದಿಟ್ಟ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನನ್ನದು ತಪ್ಪಾಗಿದೆ ಎಂದು ಹೇಳಿದೆ, ಅಲಮಾರಿಯ ವಿಷಯ ಹೇಳಿದೆ, ಕ್ಷಮಾಪಣೆಯ ಬರಹವನ್ನೂ ತೋರಿಸಿದೆ. ಅವನು ಕೈಯೊರೆಸಿಕೊಂಡು ಪೂರ್ತಿ ಓದಿ, ಮೊಬೈಲು ಮರಳಿ ಕೊಟ್ಟ.

"ಮೊದಲಿಂದು ನಮ್ಮ ಹುಡುಗಿ ಓದಿ ಹೇಳಿದ್ಲು ಸರ" ಎಂದ. "ಆಕಿ ಕಾಲೇಜಿನ ಗುಂಪಿನಾಗ ಬಂದಿತ್ತಂತ. ಅದರಾಗ ನಿಮ್ಮ ಹೆಸರು ಇದ್ದಿದ್ದಿಲ್ಲ. ಆದ್ರೂ ಎರಡು ಸಾಲು ಓದೂದ್ರಾಗ, ಇದು ನಮ್ಮ ಸರ್ ಬರದದ್ದು ಅಂದ್ಲು."

ಆಗ ನೆನಪಾಯಿತು. ಅವನ ಮಗಳು ಸುಜಾತಾ ಆಡಕಿಯ ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಮುಂದೆಯೇ ಕೂತಿದ್ದವಳು. ಎರಡನೆಯ ಬೆಂಚು. ಪ್ರಬಂಧ ಹೇಗೆ ಶುರು ಮಾಡಬೇಕು, ಓದುವವರನ್ನು ಮೊದಲ ಸಾಲಿನಲ್ಲೇ ಹೇಗೆ ಹಿಡಿಯಬೇಕು ಎಂದು ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಹೆಸರಿಲ್ಲದಿದ್ದರೂ ಶೈಲಿಯಿಂದಲೇ ಗುರುತು ಹಿಡಿಯುವ ಒಬ್ಬ ಓದುಗ ಸಿಗಲಿ ಎಂದು ಬರೆಯುವವರೆಲ್ಲ ಬಯಸುತ್ತಾರೆ. ನನಗೂ ಒಬ್ಬಳು ಸಿಕ್ಕಿದ್ದಳು. ಆಕೆ ಏನಂದಳು ಎಂದು ಕೇಳಿದೆ. ಕೇಳಬಾರದಿತ್ತು. ಭಾಷೆ ಭಾಳ ಛಲೋ ಇದೆ ಅಂದಳು, ಆಮೇಲೆ ಎರಡು ದಿನ ಕಾಲೇಜಿಗೆ ಹೋಗಲಿಲ್ಲ ಎಂದ ಭೀಮಣ್ಣ. ಆ ಮಾತನ್ನು ಅವನು ಚುಚ್ಚಲು ಹೇಳಿದ್ದಲ್ಲ. ನಾನು ಕೇಳಿದೆ, ಅವನು ಹೇಳಿದ, ಅಷ್ಟೇ.

ನನಗೆ ಏನಾದರೂ ಮಾಡಲೇಬೇಕಿತ್ತು, ಮಾಡಲು ಬರುವುದು ಒಂದೇ. ನಿನ್ನ ಪ್ರಾಮಾಣಿಕತೆಯ ಬಗ್ಗೆ ಒಂದು ದೊಡ್ಡ ಲೇಖನ ಬರೆಯುತ್ತೇನೆ ಭೀಮಣ್ಣ, ಮನಸ್ಸಿಟ್ಟು ಬರೆಯುತ್ತೇನೆ, ಪೇಪರಿಗೆ ಕಳಿಸುತ್ತೇನೆ ಎಂದೆ. ಅವನು ತಂತಿಯ ಉರುಳಿಯನ್ನು ಕೆಳಗಿಟ್ಟ.

"ಬ್ಯಾಡ್ರಿ ಸರ. ನನ್ನ ಬಗ್ಗೆ ಛಲೋದೂ ಬರಿಬ್ಯಾಡ್ರಿ. ಮಂದಿ ಓದಿ, ಯಾವ ಭೀಮಣ್ಣ, ಆ ಕಂಪ್ರೆಸರ್ ಭೀಮಣ್ಣ ಏನು ಅಂತಾರ. ಮರಿಯಾಕತ್ತಾರ, ಮರೀಲಿ ಬಿಡ್ರಿ."

ಆಗಲಿ ಎಂದೆ. ಅವನು ನನ್ನನ್ನು ಅಂಗಡಿಯ ಬಾಗಿಲ ತನಕ ಬಂದು ಕಳಿಸಲಿಲ್ಲ. ಮುಂದೆ ಗಿರಾಕಿಗಳು ನಿಂತಿದ್ದರು.

ಈಗ ಅವನ ಅಂಗಡಿಯ ಜಾಗದಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಸೇಡಂನ ಮೆಕ್ಯಾನಿಕ್ಕುಗಳಲ್ಲಿ ಒಂದು ಹೊಸ ಪದ್ಧತಿ ಬಂದಿದೆ. ಮೊನ್ನೆ ನಮ್ಮ ಮಿಕ್ಸರು ಕೆಟ್ಟು ಒಬ್ಬನನ್ನು ಕರೆದೆ. ತಳ ಬಿಚ್ಚಿ, ಟಾರ್ಚು ಬಿಟ್ಟು ನೋಡಿದ. ಇದಕ್ಕೆ ಮೊದಲು ಯಾರು ಕೈ ಹಚ್ಚಿದ್ದಾರೆ ಎಂದು ಕೇಳಲಿಲ್ಲ. ನಾನೇ ಹೇಳಿದೆ. ಅವರು ಛಲೋ ಮಾಡಿದ್ದಾರೆ ಸರ, ವಸ್ತುವಿಗೆ ವಯಸ್ಸಾಗಿದೆ ಎಂದು ಹೇಳಿ, ಹಿಂದೆ ಮುಂದೆ ನೋಡಿ, ಮತ್ತೆ ತಳಕ್ಕೆ ಮುಖ ತಗ್ಗಿಸಿದ. ನಾನು ಕೂತಿದ್ದಷ್ಟು ಹೊತ್ತೂ ಅವನು ಒಂದು ಮಾತೂ ಆಡಲಿಲ್ಲ. ನಾನು ಒಳಗೆ ಹೋದ ಮೇಲೆ ಅವನು ಮಹಾನಂದಾಳ ಜೊತೆ ಆರಾಮವಾಗಿ ಹರಟುತ್ತಿರುವುದು ಕೇಳಿಸಿತು.

ಬರೆಯುವುದಿಲ್ಲ ಎಂದು ಭೀಮಣ್ಣನಿಗೆ ಕೊಟ್ಟ ಮಾತನ್ನು ನಾಲ್ಕು ತಿಂಗಳು ಉಳಿಸಿಕೊಂಡೆ. ನನ್ನ ಮಟ್ಟಿಗೆ ಅದು ಕಡಿಮೆಯಲ್ಲ. ಈಗ ಬರೆದಿದ್ದೇನೆ. ಹೆಸರುಗಳನ್ನು ಬದಲಾಯಿಸಿದ್ದೇನೆ, ಹಾಗಾಗಿ ಅವನು ಯಾರೆಂದು ನಿಮಗೆ ಗೊತ್ತಾಗುವುದಿಲ್ಲ. ಆದರೆ ಆ ಹುಡುಗಿಯ ಕೈಗೆ ಇದು ಸಿಕ್ಕರೆ ಎರಡು ಸಾಲಿನಲ್ಲೇ ಗುರುತು ಹಿಡಿದುಬಿಡುತ್ತಾಳೆ. ಅದಕ್ಕೆಂದೇ ಶೈಲಿಯನ್ನು ಬದಲಿಸಿ ಬರೆಯಲು ಕೂತೆ, ಆಗಲಿಲ್ಲ. ಖರೇ ಹೇಳಬೇಕೆಂದರೆ, ಅಷ್ಟೇನೂ ಪ್ರಯತ್ನ ಮಾಡಲಿಲ್ಲ.